ಯಾರ ಗಾಡಿ ಸಾ?

ಹೋದ ತಿಂಗಳು ಒಂದು ಸೋಮವಾರ ಏಳನೇ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದೆ. ಮುಂದಿನ ಸಾಲಲ್ಲಿ ಕೂತಿದ್ದ ಹುಡುಗ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. "ಸಾ, ಕೈ ಯಾಕ್ ಸಾ ಅಂಗೆ ಕರ್ರಗಾಗೈತೆ?" ಅಂದ. ಉಗುರು ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಕಪ್ಪು ಕೂತಿತ್ತು. ಬಟ್ಟೆ ಸೋಪು ಹಾಕಿ ತಿಕ್ಕಿದ್ದರೂ ಹೋಗಿರಲಿಲ್ಲ. "ನಿನ್ನೆ ಗಾಡಿ ಉಜ್ಜಿದೆ ಕಣೋ" ಅಂದೆ. ಅವನು ಕಣ್ಣು ಮಿಟುಕಿಸದೆ ಕೇಳಿದ: "ಯಾರ ಗಾಡಿ ಸಾ?"

ಹುಡುಗ ನಮ್ಮ ಕೇರಿಯವನೇ. ಅವನಪ್ಪ ಕೊರಟಗೆರೆ ಕಡೆ ಯಾರದೋ ಟ್ರ್ಯಾಕ್ಟರಿಗೆ ಡ್ರೈವರು. ಸಂಜೆ ಟ್ರ್ಯಾಕ್ಟರು ತೊಳೆದು, ಅವರ ಮನೆ ಮುಂದೆ ನಿಲ್ಲಿಸಿ, ಬೀಗದಕೈ ಕೊಟ್ಟು ನಡೆದುಕೊಂಡು ಮನೆಗೆ ಬರುತ್ತಾನೆ. ಗಾಡಿ ತೊಳೆಯುವವನು ಬೇರೆ, ಗಾಡಿಯವನು ಬೇರೆ ಅನ್ನುವುದು ಆ ಮಗುವಿಗೆ ಎರಡರ ಮಗ್ಗಿಯಷ್ಟೇ ಸಹಜ. ಅವನು ನನ್ನನ್ನು ಹೀಯಾಳಿಸಲಿಲ್ಲ. ತಾನು ಕಂಡ ಲೋಕದ ಲೆಕ್ಕ ಹೇಳಿದ, ಅಷ್ಟೆ. "ನಂದೇ ಕಣೋ" ಅಂದು ಮುಂದಿನ ಹೆಸರು ಕೂಗಿದೆ. ಆದರೆ ಆ ಪ್ರಶ್ನೆ ಮುಂದಕ್ಕೆ ಹೋಗಲಿಲ್ಲ, ಅಲ್ಲೇ ನಿಂತಿದೆ. ಗೆಳೆಯರೇ, ಅದನ್ನು ನಿಮ್ಮ ಮುಂದೆ ಇಡುವುದಕ್ಕೇ ಈ ಬರಹ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ನಾನು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಮೇಷ್ಟ್ರುಗಳಿಗೆ ಈ ಜಿಲ್ಲೆ ಯಾವುದೆಂದು ಹೇಳಬೇಕಿಲ್ಲ. ನಕಾಶೆಯಲ್ಲಿ ಇಲ್ಲದೆ ಇಲಾಖೆಯಲ್ಲಿ ಮಾತ್ರ ಇರುವ ಜಿಲ್ಲೆ ಅದು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದವನು ನಾನೇ ಮೊದಲು. ಈ ಕಡೆ ಬಸ್ಸಿನ ಕತೆ ನಿಮಗೆ ಗೊತ್ತು. 2022ರ ಮಾರ್ಚ್ 19ರಂದು ಪಾವಗಡದ ಪಳವಳ್ಳಿ ಹತ್ತಿರ ತುಂಬಿ ತುಳುಕುತ್ತಿದ್ದ ಬಸ್ಸು ಮಗುಚಿ ಸತ್ತವರಲ್ಲಿ ಓದುವ ಮಕ್ಕಳಿದ್ದರು. ಆಮೇಲೆ ನಮ್ಮಮ್ಮ "ಬಸ್ಸಿನ ಸವಾಸ ಬ್ಯಾಡ, ಏನಾದ್ರೂ ಒಂದು ಗಾಡಿ ತಗೋ" ಅನ್ನಲು ಶುರುಮಾಡಿದಳು. ಅತಿಥಿ ಶಿಕ್ಷಕನ ಗೌರವಧನಕ್ಕೆ ಹೊಸ ಗಾಡಿಯ ಕಂತು ಕಟ್ಟಲಾಗದು. ಶಿರಾದ ಗುಜರಿಯೊಂದರಲ್ಲಿ ಬಿದ್ದಿದ್ದ ಹಳೇ ಯೆಜ್ಡಿಯನ್ನು ತಂದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜಾವಾ ಅಂತಲೂ, 1973ರಿಂದ ಯೆಜ್ಡಿ ಅಂತಲೂ ತಯಾರಾಗಿ, 1996ರಲ್ಲಿ ಕಾರ್ಖಾನೆಯೇ ಮುಚ್ಚಿಹೋದ ಗಾಡಿ. ಅದರಲ್ಲಿ ಕಿಕ್ಕರೇ ಗೇರು. ಒದ್ದು ಸ್ಟಾರ್ಟು ಮಾಡಿ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರಾಗುತ್ತದೆ. ಒಂದೇ ಕಾಲಿಗೆ ಎರಡು ಕೆಲಸ, ನಮ್ಮ ಹೆಂಗಸರ ಹಾಗೆ.

ಅದರ ಚಾಸಿ ಕಬ್ಬಿಣದ ಪೈಪಿನದು, ಕಪ್ಪು ಬಣ್ಣ ಹೊಡೆದದ್ದು. ನಮ್ಮ ರಸ್ತೆಗಳಲ್ಲಿ ಓಡಾಡುವ ಬಹುಪಾಲು ಗಾಡಿಗಳದ್ದು ಹಾಗೇ. ಚಾಸಿಯೇ ಅಲ್ಯೂಮಿನಿಯಂ ಆಗಿರುವ ಗಾಡಿಗಳು ಬೇರೆ. ಭಾನುವಾರ ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಗುಂಪುಗುಂಪಾಗಿ ಬಂದು ಶಿರಾ ಹತ್ತಿರ ತಿಂಡಿಗೆ ನಿಲ್ಲಿಸುತ್ತಾರಲ್ಲ, ಅಂಥವರ ಬಳಿ ಕಂಡಿದ್ದೇನೆ. ಅವುಗಳ ಬೆಲೆಯಲ್ಲಿ ನಮ್ಮ ಕೇರಿಯಲ್ಲಿ ಮನೆಗಳೆದ್ದಾವು. ನನ್ನ ಯೆಜ್ಡಿಯಲ್ಲಿ ಅಲ್ಯೂಮಿನಿಯಂ ಇರುವುದು ಎಂಜಿನ್ನಿನ ಎರಡು ಕಡೆಯ ಕವರುಗಳಲ್ಲಿ, ಚಕ್ರದ ಹಬ್ಬುಗಳಲ್ಲಿ. ಗುಜರಿಯಿಂದ ಬಂದಾಗ ಅವು ಬೂದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಬಿಳೀ ಪುಡಿಗಟ್ಟಿ, ಗೀರು ಬಿದ್ದು ಹಳೇ ಸಿಲ್ವಾರದ ಬೋಸಿಯ ತಳದ ಹಾಗೆ ಕಾಣುತ್ತಿದ್ದವು. ಅದನ್ನು ಉಜ್ಜಿ ಕನ್ನಡಿ ಮಾಡಬೇಕು ಅನ್ನುವ ಹಟ ನನಗೆ ಯಾಕೆ ಬಂತೋ!

ಬಲಗಡೆಯ ಕವರು ಬಿಚ್ಚಿದೆ. ಆ ಕಡೆ ಒಳಗೆ ಡೈನಮೋ, ಎಣ್ಣೆ ಸುರಿಯುವ ಕಾಟವಿಲ್ಲ. ಹಳೇ ಜಿಡ್ಡನ್ನು ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿ, ಸೋಪಿನ ನೀರಲ್ಲಿ ತೊಳೆದು, ಬಚ್ಚಲ ಕಲ್ಲಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತೆ. ಸೋಡಾ ಹಾಕಿದರೆ ಬೇಗ ಬಿಳುಪಾಗುತ್ತೆ ಅಂತ ಯಾರೋ ಹೇಳಿದ್ದರು. ಕೇಳಬೇಡಿ. ಕಾಸ್ಟಿಕ್ ಸೋಡಾ ಈ ಲೋಹವನ್ನೇ ತಿನ್ನುತ್ತದೆ. ಉಪ್ಪುಕಾಗದವೇ ಸರಿ, ಅದರಲ್ಲೂ ಪೇಂಟಿನವರು ಬಳಸುವ ವಾಟರ್ ಪೇಪರು. ಮೊದಲು 320ರ ಒರಟು ಕಾಗದ, ಆಮೇಲೆ 400, 600, 800, 1000, 1500, ಕೊನೆಗೆ 2000. ಒಣಗಿದ್ದಾಗ ಉಜ್ಜಬಾರದು, ಪುಡಿ ಎದೆಗೆ ಹೋಗುತ್ತದೆ. ನೀರು ಬಿಟ್ಟುಕೊಂಡೇ ಉಜ್ಜಬೇಕು. ಒಂದು ಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ. ಆಗ ಹಿಂದಿನ ಗೀರುಗಳು ಉಳಿದಿದ್ದರೆ ಕಣ್ಣಿಗೆ ಬೀಳುತ್ತವೆ. ಆತುರಕ್ಕೆ ಒಂದು ಕಾಗದ ಹಾರಿಸಿದಿರೋ, ಎಲ್ಲ ಮುಗಿಸಿ ಪಾಲಿಶು ಹಾಕಿದ ಮೇಲೆ ಆ ಹಳೇ ಗೀರು ಹೊಳಪಿನ ಒಳಗಿಂದ ನಿಮ್ಮನ್ನು ನೋಡುತ್ತದೆ. ಮತ್ತೆ ಹಿಂದಕ್ಕೆ ಹೋಗಬೇಕು. ನಾನು ಎರಡು ಸಲ ಹೋದೆ. ಒಂದು ಕವರಿಗೆ ಮೂರು ಭಾನುವಾರ ಹಿಡಿಯಿತು.

ಆ ಮೂರು ಭಾನುವಾರದಲ್ಲಿ ನನಗೆ ತಿಳಿದದ್ದು ಎರಡು. ಒಂದು, ಉಜ್ಜುವುದು ಅಂದರೆ ಗೀರು ಅಳಿಸುವುದಲ್ಲ. 400ರ ಕಾಗದ 320ರ ಗೀರನ್ನು ತೆಗೆದು ತನ್ನ ಗೀರು ಹಾಕುತ್ತದೆ, 600 ಬಂದು 400ರ ಗೀರು ತೆಗೆದು ತನ್ನದು ಹಾಕುತ್ತದೆ. ಕೊನೆಗೆ ಉಳಿಯುವುದೂ ಗೀರುಗಳೇ, ಬೆಳಕಿಗೆ ಕಾಣದಷ್ಟು ಸಣ್ಣವು. ನಾವು ಹೊಳಪು ಅನ್ನುವುದು ಗಾಯವಿಲ್ಲದ ಮೈಯನ್ನಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಗಾಯಗಳ ಮೈಯನ್ನು.

ಇನ್ನೊಂದು, ಆ ಕಪ್ಪು. ಪಾಲಿಶ್ ಹಚ್ಚಿ ಹಳೇ ಬನಿಯನ್ ತುಂಡಿನಲ್ಲಿ ತಿಕ್ಕಿದರೆ ಬಟ್ಟೆ ಕಾಡಿಗೆಯಂತೆ ಕರ್ರಗಾಗುತ್ತದೆ. ಕೊಳೆ ಬಿಡುತ್ತಿದೆ ಅಂದುಕೊಂಡು ಇನ್ನಷ್ಟು ತಿಕ್ಕಿದೆ. ಎಷ್ಟು ತಿಕ್ಕಿದರೂ ಕಪ್ಪು ನಿಲ್ಲಲಿಲ್ಲ. ಆಮೇಲೆ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಡಂ ಬಿಡಿಸಿ ಹೇಳಿದರು. ಅದು ಕೊಳೆಯೇ ಅಲ್ಲವಂತೆ. ಅಪ್ಪಟ ಸ್ವಚ್ಛವಾದ ಅಲ್ಯೂಮಿನಿಯಂ ತಿಕ್ಕಿದರೂ ಬಟ್ಟೆ ಕಪ್ಪಾಗುತ್ತದೆ. ಲೋಹದ ಕಣ ತೀರಾ ನುಣ್ಣಗೆ ಪುಡಿಯಾದಾಗ ಬೆಳಕನ್ನು ಹಿಂದಕ್ಕೆ ಕೊಡಲಾರದೆ ನುಂಗಿಬಿಡುತ್ತದೆ, ಅದಕ್ಕೇ ಕಪ್ಪು. ಅಂದರೆ ಕವರಿನ ಮೇಲೆ ಹೊಳೆಯುತ್ತಿರುವುದೂ ನನ್ನ ಉಗುರಿನಲ್ಲಿ ಕರ್ರಗೆ ಕೂತಿರುವುದೂ ಒಂದೇ ಲೋಹ! ಒಂದಕ್ಕೆ ಹೊಳಪು ಅಂತ ಹೆಸರು, ಇನ್ನೊಂದಕ್ಕೆ ಕೊಳೆ ಅಂತ ಹೆಸರು. ಒಂದನ್ನು ನೋಡಿ ಖುಷಿ ಪಡುತ್ತೇವೆ, ಇನ್ನೊಂದನ್ನು ಸೋಪು ಹಾಕಿ ತೊಳೆಯುತ್ತೇವೆ. ಊರು ಮತ್ತು ಕೇರಿಯನ್ನು ನೋಡಿ ಬೆಳೆದವನಿಗೆ ಇದನ್ನು ಬೇರೆ ಯಾರೂ ಅರ್ಥ ಮಾಡಿಸಬೇಕಾಗಿಲ್ಲ.

ಈಗ ನಮ್ಮಪ್ಪನ ವಿಷಯಕ್ಕೆ ಬರಬೇಕು. ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಉಜ್ಜುತ್ತಿದ್ದ ಮೊದಲ ಭಾನುವಾರ ಅವನು ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದ. ಆಮೇಲೆ ಒಂದೇ ಮಾತು: "ನಾನು ಒರೆಸಿದ್ದು ಸಾಲದೇನ್ಲಾ?"

ನಮ್ಮಪ್ಪ ಹನ್ನೆರಡು ವರ್ಷದವನಿದ್ದಾಗ ದೊಡ್ಡಮನೆಯಲ್ಲಿ ಜೀತಕ್ಕೆ ಬಿದ್ದವನು. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂದಿತ್ತು. ಕಾಯ್ದೆ ಬಂದು ನಾಲ್ಕಾರು ವರ್ಷ ಕಳೆದ ಮೇಲೆ ನಮ್ಮ ತಾತ ಸಾಲಕ್ಕೆ ಮಗನನ್ನು ಬಿಟ್ಟ. ಕಾಯ್ದೆ ನಮ್ಮೂರಿನ ದಾರಿ ಹಿಡಿಯುವಷ್ಟರಲ್ಲಿ ನಮ್ಮಪ್ಪನಿಗೆ ಮೀಸೆ ಬಂದಿತ್ತು. ಆ ಮನೆಯ ಯಜಮಾನರ ಹತ್ತಿರ ಒಂದು ಯೆಜ್ಡಿ ಇತ್ತು. ದಿನಾ ಬೆಳಿಗ್ಗೆ ಸಗಣಿ ಬಾಚಿ, ಕೈ ತೊಳೆದುಕೊಂಡು, ಆ ಗಾಡಿ ಒರೆಸಿ, ತಳ್ಳಿಕೊಂಡು ಬಂದು ಜಗಲಿ ಮುಂದೆ ನಿಲ್ಲಿಸಬೇಕು. ಒರೆಸಬಹುದು, ತಳ್ಳಬಹುದು, ಕೂರುವ ಹಾಗಿಲ್ಲ. ನಾನು ತಂದದ್ದು ಅದೇ ಗಾಡಿಯಲ್ಲ, ಅದೇ ಜಾತಿಯದು. ನಾನು ಗುಜರಿಯಲ್ಲಿ ಅದನ್ನು ಕೊಂಡದ್ದು ಅಗ್ಗಕ್ಕೆ ಸಿಕ್ಕಿತೆಂದೋ ಅಥವಾ ಆ ಕತೆ ಕೇಳಿ ಬೆಳೆದದ್ದಕ್ಕೋ, ನನಗೇ ಸರಿಯಾಗಿ ಗೊತ್ತಿಲ್ಲ. ಎರಡೂ ಇರಬೇಕು.

ಅದೇ ಮನೆಯ ಕೊಟ್ಟಿಗೆಯಲ್ಲಿ, ಗೋಡೆಯ ಸಂದಿಯಲ್ಲಿ, ನಮ್ಮಪ್ಪನ ಹೆಸರಿನದು ಒಂದು ಸಿಲ್ವಾರದ ತಟ್ಟೆ, ಒಂದು ಸಿಲ್ವಾರದ ಲೋಟ. ಉಂಡು, ಬೂದಿ ಹಾಕಿ ತಾನೇ ತೊಳೆದು, ಮತ್ತೆ ಅದೇ ಸಂದಿಯಲ್ಲಿ ಸಿಕ್ಕಿಸಬೇಕು. ಒಳಗಿನ ಕಂಚು ಹಿತ್ತಾಳೆಯ ಜೊತೆ ಅದು ಸೇರುವ ಹಾಗಿಲ್ಲ. ಸಿಲ್ವಾರ ಅಂದರೂ ಅಲ್ಯೂಮಿನಿಯಂ ಅಂದರೂ ಒಂದೇ. ಒಂದೇ ಅಂಗಳದಲ್ಲಿ ಒಂದೇ ಲೋಹ: ಒಂದು ಯಜಮಾನರ ಕಾಲ ಕೆಳಗೆ ಕನ್ನಡಿಯಾಗಿ, ಇನ್ನೊಂದು ಸಗಣಿ ವಾಸನೆಯ ಸಂದಿಯಲ್ಲಿ ಸೊಟ್ಟ ತಟ್ಟೆಯಾಗಿ. ಎರಡನ್ನೂ ಉಜ್ಜುತ್ತಿದ್ದ ಕೈ ಒಂದೇ. ಜೀತ ಬಿಟ್ಟು ಬರುವಾಗ ನಮ್ಮಪ್ಪ ಆ ತಟ್ಟೆಯನ್ನು ಅಲ್ಲಿ ಬಿಡದೆ ತಂದು ಗುಜರಿಯವನಿಗೆ ಹಾಕಿದನಂತೆ. ಈ ಲೋಹವನ್ನು ಕರಗಿಸಿ ಮತ್ತೆ ಮತ್ತೆ ಎರಕ ಹೊಯ್ಯುತ್ತಾರೆ. ಆ ತಟ್ಟೆ ಈಗ ಯಾವ ಗಾಡಿಯ ಎಂಜಿನ್ ಕವರಾಗಿದೆಯೋ.

ಲೋಹಕ್ಕೂ ಜಾತಿ ಕಟ್ಟಿದ ದೇಶ ನಮ್ಮದು. ಚಂಡಾಲರು ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಅವರ ಒಡವೆ ಕಬ್ಬಿಣದ್ದಾಗಿರಬೇಕು ಎಂದು ಮನುಸ್ಮೃತಿಯ ಹತ್ತನೇ ಅಧ್ಯಾಯ ವಿಧಿಸುತ್ತದೆ. ಅದು ಹಳೇ ಪುಸ್ತಕ, ಈಗ ಯಾಕೆ ಅನ್ನುವವರಿಗೆ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿರುವ ಒಂದು ಪ್ರಸಂಗ ನೆನಪು ಮಾಡುತ್ತೇನೆ. 1935ರ ನವೆಂಬರಿನಲ್ಲಿ ಅಹಮದಾಬಾದ್ ಜಿಲ್ಲೆಯ ಜಾನು ಎಂಬ ಹಳ್ಳಿಯಲ್ಲಿ ಸ್ವಲ್ಪ ಅನುಕೂಲವಂತರಾದ ಅಸ್ಪೃಶ್ಯರ ಮನೆಯ ಹೆಂಗಸರು ಲೋಹದ ಬಿಂದಿಗೆಯಲ್ಲಿ ನೀರು ತರಲು ಹೊರಟರು. ಸವರ್ಣೀಯರು ಅದು ತಮಗಾದ ಅವಮಾನ ಅಂತ ತಿಳಿದು ಆ ಹೆಂಗಸರ ಮೇಲೆ ಬಿದ್ದು ಹೊಡೆದರು. ನೀರು ಕದಿಯಲಿಲ್ಲ, ಬಾವಿ ಮುಟ್ಟಲಿಲ್ಲ, ಬಿಂದಿಗೆ ಹೊಳೆಯಿತು, ಅಷ್ಟೇ ಅಪರಾಧ.

ಅಲ್ಯೂಮಿನಿಯಮ್ಮಿಗೆ ಯಾವ ಶಾಸ್ತ್ರದಲ್ಲೂ ಜಾಗವಿರಲಿಲ್ಲ, ಯಾಕೆಂದರೆ ಅದು ಹುಟ್ಟಿದ್ದೇ ಕಾರ್ಖಾನೆಯಲ್ಲಿ. 1855ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನದಲ್ಲಿ ಅದನ್ನು ಅಪರೂಪದ ಲೋಹವೆಂದು ಇಟ್ಟಿದ್ದರು, ಬೆಳ್ಳಿಗಿಂತ ದುಬಾರಿಯಾಗಿತ್ತು. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಇಟ್ಟದ್ದು ಇದೇ ಲೋಹದ ಪುಟ್ಟ ಗೋಪುರ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಬೇರೆಬೇರೆಯಾಗಿ ಕರೆಂಟಿನಿಂದ ಅದನ್ನು ಅದಿರಿನಿಂದ ಬಿಡಿಸುವ ದಾರಿ ಕಂಡುಹಿಡಿದರು. ಬೆಲೆ ಕುಸಿಯಿತು, ಅದು ಬಡವರ ಅಡುಗೆಮನೆಗೆ ಬಂತು. ಬಂದ ಕೂಡಲೇ ನಮ್ಮ ವ್ಯವಸ್ಥೆ ಅದಕ್ಕೂ ಜಾತಿ ಪತ್ರ ಬರೆದುಕೊಟ್ಟಿತು. ಲೋಹ ಬದಲಾಗಿರಲಿಲ್ಲ, ಮುಟ್ಟುವವರು ಬದಲಾಗಿದ್ದರು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ರಾಬರ್ಟ್ ಪಿರ್ಸಿಗ್ ಎಂಬ ಅಮೆರಿಕದವನು ಮೋಟಾರ್ ಸೈಕಲ್ ನೋಡಿಕೊಳ್ಳುವುದರ ಬಗ್ಗೆ 1974ರಲ್ಲಿ ಒಂದು ತತ್ವಶಾಸ್ತ್ರದ ಪುಸ್ತಕವನ್ನೇ ಬರೆದ. ಗೆಳೆಯನೊಬ್ಬ ಓದಲು ಕೊಟ್ಟಿದ್ದ. ಅದರಲ್ಲಿ ಸ್ನೇಹಿತನ ದುಬಾರಿ ಗಾಡಿಯ ಹ್ಯಾಂಡಲ್ಲು ಸಡಿಲವಾಗಿರುತ್ತದೆ. ಬಿಯರ್ ಡಬ್ಬಿಯ ಅಲ್ಯೂಮಿನಿಯಂ ತಗಡು ಕತ್ತರಿಸಿ ಸಂದಿಗಿಟ್ಟರೆ ಸರಿಹೋಗುತ್ತದೆ ಅಂತ ಇವನು ಹೇಳುತ್ತಾನೆ. ಸ್ನೇಹಿತನಿಗೆ ಮುಖ ಕೆಡುತ್ತದೆ, ಅಂಥ ಗಾಡಿಗೆ ಬಿಯರ್ ಡಬ್ಬಿಯೇ! ಓದುತ್ತಾ ನಾನು ನಕ್ಕೆ. ಮಡಿ ಮೈಲಿಗೆ ಅಲ್ಲೂ ಇದೆ ಅಂತ. ಆದರೆ ಒಂದು ವ್ಯತ್ಯಾಸ. ಆ ಪುಸ್ತಕದ ಉದ್ದಕ್ಕೂ ಅಪ್ಪ ಮಗ ಒಂದೇ ಗಾಡಿಯ ಮೇಲೆ ದೇಶ ದಾಟುತ್ತಾರೆ, ಅಪ್ಪ ತನ್ನ ಗಾಡಿಯನ್ನು ತಾನೇ ಬಿಚ್ಚಿ ತಾನೇ ಜೋಡಿಸುತ್ತಾನೆ, ಕೈ ಕಪ್ಪು ಮಾಡಿಕೊಳ್ಳುತ್ತಾನೆ. ಅವನ ಕೈ ನೋಡಿ "ಯಾರ ಗಾಡಿ?" ಅಂತ ಯಾರೂ ಕೇಳುವುದಿಲ್ಲ. ಆ ತತ್ವಶಾಸ್ತ್ರ ಶುರುವಾಗುವುದೇ ಆ ಪ್ರಶ್ನೆ ಬಗೆಹರಿದ ಮೇಲೆ. ನಮ್ಮದು ಆ ಪ್ರಶ್ನೆಯ ಹೊಸಿಲಲ್ಲೇ ನಿಂತಿದೆ.

ಸಂಘಟನೆಯ ಗೆಳೆಯನೊಬ್ಬ ಬಂದವನು ನನ್ನ ಅವತಾರ ನೋಡಿ ಬೈದ. "ಪಾವಗಡದಲ್ಲಿ ಫ್ಲೋರೈಡ್ ನೀರು ಕುಡಿದು ಜನ ಮೂಳೆ ಸವೆಸಿಕೊಳ್ತಾವ್ರೆ, ಬಗರ್‌ಹುಕುಂ ಅರ್ಜಿಗಳು ಕೊಳೀತಾವೆ, ನೀನಿಲ್ಲಿ ಶೋಕಿಗೆ ಕನ್ನಡಿ ಮಾಡ್ತಾ ಕೂತಿದೀಯ" ಅಂದ. ಬೈಗುಳದಲ್ಲಿ ಸತ್ಯವಿತ್ತು, ಅದಕ್ಕೆ ಸುಮ್ಮನೆ ಕೇಳಿಸಿಕೊಂಡೆ. ಆದರೆ ಅರ್ಧ ಸತ್ಯ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ದಲಿತ ಕಾಲೇಜು ಹುಡುಗನೊಬ್ಬನ ಕೈಗಳಿಗೆ ಮಚ್ಚಿನಿಂದ ಕೊಚ್ಚಿದರು. ಅವನು ಬುಲೆಟ್ ಓಡಿಸುತ್ತಿದ್ದ ಅನ್ನುವುದೇ ಕಾರಣ ಅಂತ ದೂರು. 2018ರಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಕುದುರೆ ಸಾಕಿ ಸವಾರಿ ಮಾಡುತ್ತಿದ್ದ ನಮ್ಮ ಹುಡುಗನೊಬ್ಬನ ಕೊಲೆಯಾಯಿತು. ಹೊಡೆಯುವವರಿಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ನಾವು ಮಾತ್ರ ಶೋಕಿ ಅಂತ ತಳ್ಳಿಹಾಕುವುದು ಹೇಗೆ? ಭೂಮಿಯ ಪ್ರಶ್ನೆಯನ್ನು ನಾನು ಚಿಕ್ಕದು ಮಾಡುತ್ತಿಲ್ಲ. ಹೊಳಪಿನ ಪ್ರಶ್ನೆ ಅದರ ಎದುರಾಳಿಯಲ್ಲ ಅನ್ನುತ್ತಿದ್ದೇನೆ.

ಹಾಗಂತ, ಗಾಡಿ ನನ್ನದಾಯಿತು, ಹಾಗಾಗಿ ಉಜ್ಜುವುದು ಸ್ವಾತಂತ್ರ್ಯವಾಯಿತು ಅನ್ನುವ ಸುಲಭದ ಉತ್ತರವೂ ನನಗೆ ಬೇಡ. ಆ ಉತ್ತರ ಹೇಳಿಕೊಂಡೇ ಮೊದಲು ಬಫಿಂಗ್ ಅಂಗಡಿಗೆ ಹೋಗಿದ್ದೆ. ಮೂರು ಭಾನುವಾರದ ಕೆಲಸ ಅಲ್ಲಿ ಅರ್ಧ ಗಂಟೆಯದು. ಮೋಟಾರಿಗೆ ಸಿಕ್ಕಿಸಿದ ಬಟ್ಟೆಯ ಚಕ್ರ ಗಿರ್ರನೆ ತಿರುಗುತ್ತಿತ್ತು. ಅದರ ಮುಂದೆ ಹದಿನೆಂಟೋ ಹತ್ತೊಂಬತ್ತೋ ವರ್ಷದ ಹುಡುಗ, ಮುಖಕ್ಕೆ ಟವೆಲ್ ಕಟ್ಟಿ, ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಕಪ್ಪು. ರೆಪ್ಪೆ ಮೇಲೂ ಪುಡಿ. ಕೆಮ್ಮುತ್ತಿದ್ದ. ನಾನು ಕವರು ಕೊಟ್ಟು ಬಂದಿದ್ದರೆ ನನ್ನ ಗಾಡಿಗೆ ಹೊಳಪು ಬರುತ್ತಿತ್ತು, ನನ್ನ ಕೈ ಬಿಳುಪಾಗಿರುತ್ತಿತ್ತು, ನನ್ನ ಪಾಲಿನ ಕಪ್ಪು ಆ ಹುಡುಗನ ಎದೆಯೊಳಗೆ ಹೋಗುತ್ತಿತ್ತು. ದೊಡ್ಡಮನೆಯ ಯಜಮಾನರು ಮಾಡಿದ್ದೂ ಇಷ್ಟೇ ಅಲ್ಲವೇ, ನಾನು ದುಡ್ಡು ಕೊಡುತ್ತೇನೆ, ಅವರು ಕೊಡಲಿಲ್ಲ ಅನ್ನುವುದು ಬಿಟ್ಟರೆ? ಆ ವ್ಯತ್ಯಾಸ ದೊಡ್ಡದೇ. ಕೂಲಿಗೂ ಜೀತಕ್ಕೂ ಇರುವ ದೂರವನ್ನು ನಮ್ಮಪ್ಪ ಕಾಲಲ್ಲಿ ನಡೆದು ಅಳೆದವನು. ಆದರೂ ಕವರನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ. ಇದರಿಂದ ಆ ಹುಡುಗನಿಗೆ ಏನೂ ಲಾಭವಾಗಲಿಲ್ಲ, ಒಂದು ಗಿರಾಕಿ ತಪ್ಪಿದ, ಅಷ್ಟೆ. ಅದೂ ನನಗೆ ಗೊತ್ತು. ನನ್ನ ಕೈ ಕಪ್ಪು ಮಾಡಿಕೊಂಡು ನಾನು ಪುಣ್ಯವಂತನಾಗಲಿಲ್ಲ.

ದುಡಿಮೆಯಲ್ಲಿ ಮೇಲು ಕೀಳಿಲ್ಲ, ಎಲ್ಲ ಕಾಯಕವೂ ಒಂದೇ ಅನ್ನುವ ಮಾತನ್ನು ನಮಗೆ ಶಾಲೆಯಿಂದಲೂ ಹೇಳುತ್ತಾರೆ. ಹನ್ನೆರಡನೇ ಶತಮಾನದ ಶರಣರು ಆ ಮಾತು ಆಡಿದಾಗ ಅದು ಬೆಂಕಿಯಾಗಿತ್ತು. ಚಮ್ಮಾರನೂ ಮಂತ್ರಿಯೂ ಒಂದೇ ಸಾಲಲ್ಲಿ ಕೂತರು. ಈಗ ಅದೇ ಮಾತನ್ನು ಕೂರುವವರು ಒರೆಸುವವರಿಗೆ ಹೇಳುತ್ತಾರೆ. ಕಸ ಬಳಿಯುವ ಕೆಲಸ ಪವಿತ್ರ ಅಂತ ಗಾಂಧೀಜಿ ಹೇಳಿದಾಗ ಅಂಬೇಡ್ಕರ್ ಸಿಟ್ಟಾದದ್ದು ಇದಕ್ಕೇ. ಕೆಲಸ ಪವಿತ್ರವಾದರೆ ಅದನ್ನು ಒಂದೇ ಜಾತಿಗೆ ಯಾಕೆ ಮೀಸಲಿಟ್ಟಿರಿ? ಜಾತಿ ಅನ್ನುವುದು ಬರೀ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರ ವಿಂಗಡಣೆಯೂ ಹೌದು ಅಂತ ಅವರು ಅಂದರು. ನನ್ನ ಬಚ್ಚಲ ಕಲ್ಲಿನ ಮೇಲೆ ಕೂತು ಆ ಮಾತನ್ನು ಮತ್ತೆ ಓದಿಕೊಂಡಾಗ ನನಗೆ ತೋರಿದ್ದು ಇಷ್ಟು: ಒರೆಸುವುದರಲ್ಲಿ ಅವಮಾನವಿಲ್ಲ, ಒರೆಸುವುದರಲ್ಲಿ ಮಾನವೂ ಇಲ್ಲ. ಎರಡೂ ಇರುವುದು ಒರೆಸಲ್ಲ ಅನ್ನುವ ಬಾಯಲ್ಲಿ. ನಮ್ಮಪ್ಪ ಒಂದು ದಿನ "ಇವತ್ತು ಒರೆಸಲ್ಲ ಬುದ್ಧಿ" ಅನ್ನುವ ಹಾಗಿದ್ದಿದ್ದರೆ, ಅಂದೂ ಹೊಡೆಸಿಕೊಳ್ಳದೆ ಉಳಿಯುವ ಹಾಗಿದ್ದಿದ್ದರೆ, ಆ ಹೊಳಪಿನಲ್ಲಿ ಅವನ ಪಾಲೂ ಇರುತ್ತಿತ್ತು. ನಾನು ಬೇಸರವಾದ ಭಾನುವಾರ ಕವರನ್ನು ಮೂಲೆಗೆ ಎಸೆದು ಮಲಗಿದೆ. ಗಾಡಿಯ ಕಾಗದದಲ್ಲಿ ನನ್ನ ಹೆಸರಿರುವುದಕ್ಕಿಂತ ಆ ಮಲಗುವ ಹಕ್ಕು ದೊಡ್ಡದು ಅಂತ ನನಗನ್ನಿಸುತ್ತದೆ. ಬಫಿಂಗ್ ಅಂಗಡಿಯ ಹುಡುಗನಿಗೆ ಅದು ಇದೆಯೇ? ಕೆಮ್ಮು ಬಂದ ದಿನ ಮಲಗಿದರೆ ಆ ದಿನದ ಕೂಲಿ ಇಲ್ಲ. ಅಂದರೆ ಅರ್ಧ ಇದೆ, ಅರ್ಧ ಇಲ್ಲ.

ಪಾವಗಡದ ತಿರುಮಣಿ, ವಳ್ಳೂರು ಸುತ್ತ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಪಾರ್ಕು. 2,050 ಮೆಗಾವ್ಯಾಟ್, 2019ರ ಕೊನೆಗೆ ಪೂರ್ತಿಯಾಯಿತು. ಗುಡ್ಡದ ಮೇಲೆ ನಿಂತು ನೋಡಿದರೆ ಕೆರೆ ತುಂಬಿದ ಹಾಗೆ ಕಾಣುತ್ತದೆ. ಪಾವಗಡದಲ್ಲಿ ಅಷ್ಟು ದೊಡ್ಡ ಕೆರೆ ತುಂಬಿದ್ದನ್ನು ಕಂಡವರಿಲ್ಲ! ಪ್ರತಿ ಪ್ಯಾನೆಲ್ಲಿನ ಸುತ್ತ ಇರುವ ಚೌಕಟ್ಟು ಅಲ್ಯೂಮಿನಿಯಮ್ಮಿನದೇ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಬಾಡಿಗೆ ಬರುತ್ತದೆ. ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕಳೆ ಕೀಳುವ ಕೂಲಿಯೂ ಇಲ್ಲ. ಕೆಲವರಿಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಸಿಕ್ಕಿತು. ನನ್ನ ಸೋದರಮಾವನ ಮಗ ತೊಳೆಯುವವನು. "ಎಂಗಿದೆಯೋ ಕೆಲ್ಸ?" ಅಂದರೆ "ಬಿಸಿಲು ಏಳಕ್ ಮುಂಚೆ ಒರೆಸ್ಬೇಕು ಭಾವ, ಧೂಳು ಕೂತ್ರೆ ಕರೆಂಟ್ ಕಮ್ಮಿ ಆಯ್ತದಂತೆ" ಅಂದ. ನಮ್ಮಪ್ಪನ ಕೆಲಸ ಮನೆಯಿಂದ ಕಂಪನಿಗೆ ಬದಲಾಗಿದೆ. ಇದನ್ನು ಪ್ರಗತಿ ಅನ್ನಬೇಕೇ? ಸಂಬಳ ಬರುತ್ತದೆ, ಯಾರೂ ತಟ್ಟೆಯನ್ನು ಸಂದಿಯಲ್ಲಿ ಇಡಿಸುವುದಿಲ್ಲ, ಹೌದು, ಪ್ರಗತಿಯೇ. ಆದರೆ ಒರೆಸುವ ಕೈಗಳು ಯಾವ ಕೇರಿಯವು ಅಂತ ಕೇಳಿದರೆ ಉತ್ತರ ಅಷ್ಟೊಂದು ಬದಲಾಗಿಲ್ಲ.

ಮೇಷ್ಟ್ರುಗಳಿಗೆ ಒಂದು ಮಾತು ಹೇಳಬೇಕು, ನನಗೂ ಸೇರಿಸಿ. ನಾವು ದಿನಾ ಮಾಡುವುದೂ ಪಾಲಿಶ್ ಕೆಲಸವೇ. ಮಗು ಕೇರಿಯಿಂದ ಬರುತ್ತದೆ. "ಆಲು" ಅನ್ನುತ್ತದೆ, ನಾವು "ಹಾಲು" ಅನ್ನಿಸುತ್ತೇವೆ. "ಐತೆ" ಅಂದರೆ "ಇದೆ" ಅನ್ನಿಸುತ್ತೇವೆ. ಅನ್ನಿಸಲೇಬೇಕು, ನಾಳೆ ಅರ್ಜಿ ಬರೆಯಬೇಕಾದವನು ಅವನು. ಆದರೆ ಯಾವ ಕಾಗದದಿಂದ ಉಜ್ಜುತ್ತೇವೆ? ನನ್ನ ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರು ನಾನು ಹಕಾರ ಬಿಟ್ಟಾಗಲೆಲ್ಲ ಇಡೀ ಕ್ಲಾಸಿಗೆ ನನ್ನ ಹಾಗೆ ಅಣಕಿಸಿ ತೋರಿಸುತ್ತಿದ್ದರು. ಹಕಾರ ಬಂತು. ಬಂದ ಮೇಲೆ ಎರಡು ವರ್ಷ ನಾನು ನಮ್ಮಮ್ಮನ ಜೊತೆ ಊರ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಲಿಲ್ಲ, ಅವಳ ಮಾತು ಯಾರಾದರೂ ಕೇಳಿಸಿಕೊಂಡಾರು ಅಂತ. ತುಮಕೂರಿನ ಹಾಸ್ಟೆಲಿನಲ್ಲಿದ್ದಾಗ ಜನ ನನ್ನನ್ನು "ಚೆನ್ನಾಗಿ ಪಾಲಿಶ್ ಆಗಿದಾನೆ, ಗೊತ್ತೇ ಆಗಲ್ಲ" ಅಂತ ಹೊಗಳುತ್ತಿದ್ದರು. ಏನು ಗೊತ್ತಾಗಲ್ಲ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಹೊಗಳಿಕೆಗೆ ನಾನು ಖುಷಿ ಪಟ್ಟಿದ್ದೆ. ಅದನ್ನು ಬರೆಯುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ. 320ರ ಗೀರು ಹೊಳಪಿನ ಒಳಗಿಂದ ನೋಡುತ್ತದೆ ಅಂತ ಆಗಲೇ ಹೇಳಿದೆನಲ್ಲ.

ಅಲ್ಯೂಮಿನಿಯಂ ಒಂದು ವಿಚಿತ್ರ ಲೋಹ. ಉಜ್ಜಿ ಹೊಸ ಮೈ ತೆರೆದ ಕೂಡಲೇ ಅದು ಗಾಳಿ ಕುಡಿದು ತನ್ನ ಮೇಲೆ ತಾನೇ ಒಂದು ತೊಗಲು ಹೊದ್ದುಕೊಳ್ಳುತ್ತದೆ. ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತ ತೆಳುವಾದ ತೊಗಲು, ಕಣ್ಣಿಗೆ ಕಾಣದು, ಆದರೆ ಗಟ್ಟಿ. ಮಾಣಿಕ್ಯದ ಕಲ್ಲು ಇರುವುದೂ ಅದೇ ಪದಾರ್ಥದಿಂದ. ಅದೇ ಒಳಗಿನ ಲೋಹವನ್ನು ಕಾಪಾಡುವುದು. ನಮ್ಮ ಮಕ್ಕಳ ಮಾತಿಗೂ ಅಂಥದೊಂದು ತೊಗಲು ಇರುತ್ತದೆ. ಎಷ್ಟು ಉಜ್ಜಿದರೂ ಮನೆಗೆ ಹೋದ ಕೂಡಲೇ "ಆಲು ಕೊಡವ್ವ" ಅನ್ನುತ್ತಾರೆ. ಅನ್ನಲಿ ಬಿಡಿ. ಅದನ್ನೂ ಕೆರೆದು ತೆಗೆಯುವುದು ಯಾವ ಪಠ್ಯಕ್ರಮದಲ್ಲೂ ಇಲ್ಲ.

ನಮ್ಮಪ್ಪನಿಗೆ ಇವತ್ತಿಗೂ ಗಾಡಿ ಓಡಿಸಲು ಬರುವುದಿಲ್ಲ. ಹತ್ತಾರು ವರ್ಷ ಒರೆಸಿದವನಿಗೆ ಓಡಿಸಲು ಬಾರದು! 1929ರಲ್ಲಿ ಚಾಳೀಸ್‌ಗಾಂವ್ ಎಂಬಲ್ಲಿ ಟಾಂಗಾದವರು ಅಂಬೇಡ್ಕರರನ್ನು ಕೂರಿಸಿ ಓಡಿಸುವುದಿಲ್ಲ ಅಂದರು. ಟಾಂಗಾ ಬೇಕಾದರೆ ಬಾಡಿಗೆಗೆ ಕೊಟ್ಟರು. ಎಂದೂ ಲಗಾಮು ಹಿಡಿಯದ ನಮ್ಮವನೊಬ್ಬ ಓಡಿಸಲು ಕೂತ. ಸೇತುವೆಯ ಹತ್ತಿರ ಚಕ್ರ ಸಿಕ್ಕಿ, ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಬಾರದ್ದಕ್ಕೆ ಅವನನ್ನು ಬೈದವರಲ್ಲ ಅವರು. ಓಡಿಸಲು ಬಿಡದೆ ಇಟ್ಟವರ ಲೆಕ್ಕವನ್ನು ಬರೆದಿಟ್ಟರು.

ಅಪ್ಪನನ್ನು ಒಂದು ದಿನವಾದರೂ ಹಿಂದೆ ಕೂರಿಸಿಕೊಂಡು ಮಧುಗಿರಿ ಬೆಟ್ಟದ ತನಕ ಹೋಗಿಬರಬೇಕು ಅಂತ ನನ್ನ ಆಸೆ. ಕರೆದಾಗಲೆಲ್ಲ "ಬಸ್ಸೈತೆ ಬುಡು" ಅನ್ನುತ್ತಾನೆ. ಒತ್ತಾಯ ಮಾಡುವುದನ್ನು ನಿಲ್ಲಿಸಿದ್ದೇನೆ. ಬೇಡ ಅನ್ನುವ ಬಾಯಿ ಅವನಿಗೂ ಇದೆ. ಮೂರನೇ ಭಾನುವಾರ ಬಲಗಡೆಯ ಕವರು ಕನ್ನಡಿಯಾದಾಗ ಅವನ ಮುಂದೆ ಹಿಡಿದೆ. ಕೈಗೆ ತಗೊಳ್ಳಲಿಲ್ಲ. ಬಗ್ಗಿ ನೋಡಿ, "ಬೋಲ್ಟಿನ ಗುಂಡಿ ಸುತ್ತ ಕಪ್ಪು ಉಳ್ಕಂಡೈತೆ. ಬಟ್ಟೆ ಅಲ್ಲಿಗ್ ಓಗಕಿಲ್ಲ. ಪೊರಕೆಕಡ್ಡಿ ತುದಿಗೆ ಬಟ್ಟೆ ಸುತ್ತಿ ತಿರುವು" ಅಂದ. ಹಾಗೇ ಮಾಡಿದೆ, ಹೋಯಿತು. ನಲವತ್ತು ವರ್ಷದ ಹಿಂದಿನ ಕಸುಬು ಅವನ ಕಣ್ಣಲ್ಲಿ ಹಾಗೇ ಇತ್ತು. ಅದು ಯಾರದು ಅಂತ ನಾನು ಕೇಳಲಿಲ್ಲ.

ಎಡಗಡೆಯ ಕವರು ಇನ್ನೂ ಬೂದಿ ಬಣ್ಣದಲ್ಲೇ ಇದೆ. ಅದರೊಳಗೆ ಕ್ಲಚ್ಚು, ಎಣ್ಣೆ, ಬಿಚ್ಚಿದರೆ ಹೊಸ ಗ್ಯಾಸ್ಕೆಟ್ ಹಾಕಬೇಕು, ಅದು ಸಿಗಬೇಕಾದರೆ ಬೆಂಗಳೂರಿಗೆ ಹೇಳಿಕಳಿಸಬೇಕು. "ಬಿಚ್ಚೋ ಮುಂಚೆ ನನ್ನ ಕೂಗು, ಕೆಳಗೆ ಬೋಗುಣಿ ಇಡಬೇಕು" ಅಂದಿದ್ದಾನೆ ಅಪ್ಪ.